ಮಣ್ಣಿಗೆ ಹೋಗದ ಕಾಗದ

ಐರಿನ್ ಬಾಯಿಯನ್ನು ಈ ಊರು ಕಲಾವಿದೆ ಎಂದು ಕರೆದದ್ದು ಒಂದೇ ಸಲ. ಅದೂ ಒಂದು ಬೆಳಗ್ಗಿನ ಮಟ್ಟಿಗೆ.

ಅತ್ತಾವರದಲ್ಲಿ ಅವರ ಗಂಡ ಯೂಸ್ಟೇಸ್ ಪೊರ್ಬುಗಳದ್ದು ಶವಪೆಟ್ಟಿಗೆಯ ಅಂಗಡಿ. ಮರದ ಕೆಲಸ ಗಂಡನದು. ಪೆಟ್ಟಿಗೆಯ ಒಳಗೆ ಅಂಟಿಸಲು ಬಿಳಿ ಕಾಗದದಲ್ಲಿ ಕತ್ತರಿಸುವ ಕಸೂತಿ ಹೆಂಡತಿಯದು. ಬೇರೆ ಅಂಗಡಿಗಳಲ್ಲಿ ಎಲ್ಲರಿಗೂ ಒಂದೇ ಹೂ, ಒಂದೇ ಬಳ್ಳಿ. ಐರಿನ್ ಬಾಯಿ ಹಾಗಲ್ಲ. ಟೈಲರ್ ಸತ್ತರೆ ಗುಂಡಿಗಳ ಸಾಲು, ಅಡುಗೆಯಾಕೆ ಸತ್ತರೆ ಅಂಚಿನ ತುಂಬ ಬಂಗುಡೆ ಮೀನು. ಆಸ್ಪತ್ರೆಯಿಂದ ಕೂಸಿನ ಪೆಟ್ಟಿಗೆಗೆ ಹೇಳಿಕಳಿಸಿದ ದಿನ ಮಾತ್ರ ಬಾಗಿಲು ಎಳೆದುಕೊಂಡು ಕೂರುತ್ತಿದ್ದರು. ಆ ಮಗು ನೋಡದೆ ಹೋದದ್ದನ್ನೆಲ್ಲ ಕತ್ತರಿಸುತ್ತಿದ್ದರು: ಕಾಗೆ, ಹಲಸಿನ ಹಣ್ಣು, ಸಿಟಿ ಬಸ್ಸು, ಉಳ್ಳಾಲದ ದೋಣಿ.

"ಮುಚ್ಚಳ ಹಾಕಿದ ಮೇಲೆ ನೋಡುವವರು ಯಾರೇ?" ಎಂದು ಯೂಸ್ಟೇಸ್ ರೇಗಿಸುವರು.

"ನೀವು ಉಜ್ಜಿ ನಯ ಮಾಡಿದ್ದನ್ನು ಹೆಣ ಎದ್ದು ಹೊಗಳ್ತದಾ?"

ಆದರೂ ಆಸೆಯೊಂದಿತ್ತು. ಮದುವೆಯಾಗಿ ಬಂದಾಗಿನಿಂದ ಕತ್ತರಿಸಿದ್ದೆಲ್ಲ ಮಣ್ಣಿನಡಿ ಹೋಗಿತ್ತು. ತನ್ನದೊಂದಾದರೂ ಮಣ್ಣಿನ ಮೇಲೆ ಉಳಿಯಬೇಕು. ಅಷ್ಟೇ.

೧೯೮೩ರಲ್ಲಿ ಊರಿನ ಕಲಾಸಂಘವೊಂದು ತನ್ನ ಸಭಾಂಗಣದಲ್ಲಿ ಪ್ರದರ್ಶನ ಇಟ್ಟಿತು. ಮದುವೆಗೂ ಬಾಡಿಗೆಗೆ ಕೊಡುವ ಸಭಾಂಗಣ. ಐರಿನ್ ಬಾಯಿ ಕಾಗೆ, ಬಸ್ಸು, ದೋಣಿ ಎಲ್ಲವನ್ನೂ ಒಂದೇ ದೊಡ್ಡ ಹಾಳೆಯಲ್ಲಿ ಕತ್ತರಿಸಿ, ಗಾಜು ಹಾಕಿಸಿ ಕೊಟ್ಟರು. ಬಣ್ಣವೇ ಇಲ್ಲ, ಹಾಳೆಯ ಬಿಳುಪು, ಕತ್ತರಿ ಬಿಟ್ಟ ನೆರಳು.

ಸಂಘದ ಅಧ್ಯಕ್ಷರು ಹೋಟೆಲಿನ ಸರ್ವೋತ್ತಮ ಶೆಟ್ಟರು. ಈ ಚಿತ್ರದ ಎದುರು ಬಹಳ ಹೊತ್ತು ನಿಂತರು. "ಇದು ಆರ್ಟ್ ಮಾರಾಯ್ರೆ! ನೀವು ದೊಡ್ಡ ಕಲಾವಿದೆ ಬಾಯಮ್ಮ. ಇದು ನಮ್ಮ ಹೋಟೆಲಿಗೇ ಬೇಕು."

ಕೆಡಿಸಿದ್ದು ವೈರಿಯಲ್ಲ. ಆಸ್ಪತ್ರೆಯ ನರ್ಸ್ ಡಾಲಿ ನೋಡಲು ಬಂದವಳು ಆ ಕಾಗೆಯನ್ನು ಕಂಡು, ಐರಿನ್ ಬಾಯಿಯ ಕೈ ಹಿಡಿದು ಅತ್ತುಬಿಟ್ಟಳು. "ನನ್ನ ಮಗುವಿನ ಪೆಟ್ಟಿಯಲ್ಲಿ ಇದೇ ಕಾಗೆ ಇತ್ತಲ್ಲ ಬಾಯಿ."

ಶೆಟ್ಟರು ಹಿಂದೆ ಸರಿದರು. "ಎಂತ? ಹೆಣದ ಪೆಟ್ಟಿಗೆಯದ್ದಾ? ಮದುವೆ ಆಗುವ ಹಾಲ್ ಇದು! ಮೊದಲು ತೆಗೀರಿ."

"ಹೊಸ ಹಾಳೆ ಶೆಟ್ರೆ. ಮೊನ್ನೆ ಅಂಗಡಿಯಿಂದ ತಂದದ್ದು."

"ಕೈ ಅದೇ ಅಲ್ವಾ!"

ಈ ಮಾತು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಸತ್ತವರನ್ನು ಚಂದ ಮಾಡಿ ಕಳಿಸಲು ಊರಿಗೆ ಆ ಕೈ ಬೇಕು. ಆ ಕೈಯ ಕೆಲಸ ಗೋಡೆಗೆ ಬೇಡ. ಚಿತ್ರ ಚೆನ್ನಾಗಿಲ್ಲ ಎಂದು ಒಬ್ಬರಾದರೂ ಹೇಳಲಿಲ್ಲವಲ್ಲ! ಬೆಳಗ್ಗೆಯ ಕಲಾವಿದೆ ಮಧ್ಯಾಹ್ನಕ್ಕೆ ಅಪಶಕುನ.

ಐರಿನ್ ಬಾಯಿ ಕುರ್ಚಿ ಎಳೆದು ಕೂತರು. "ನಾನು ತೆಗೆಯುವುದಿಲ್ಲ. ಬೇಡದವರು ತೆಗೀರಿ."

ಕಾವಲುಗಾರ ಸಂಕಪ್ಪನಿಗೆ ಅಪ್ಪಣೆಯಾಯಿತು. ಅವನು ಏಣಿ ತಂದ, ಒರಗಿಸಿದ, ಹತ್ತಲಿಲ್ಲ. "ಮನೆಯಲ್ಲಿ ಹೆಂಡತಿ ಬಸುರಿ ಧಣಿ. ನೀವು ಹತ್ತಿ, ನಾನು ಏಣಿ ಹಿಡೀತೇನೆ."

ಧಣಿಯೂ ಹತ್ತಲಿಲ್ಲ. ಯೂಸ್ಟೇಸ್ ಪೊರ್ಬುಗಳನ್ನು ಕರೆಸಿದರು. ಅವರು ಗೋಡೆ ನೋಡಿದರು, ಹೆಂಡತಿಯ ಮುಖ ನೋಡಿದರು. "ಪೆಟ್ಟಿ ನನ್ನದು ಶೆಟ್ರೆ. ಕಾಗದ ಅವಳದ್ದು. ಮುಟ್ಟಿದರೆ ನನಗೆ ರಾತ್ರಿ ಗಂಜಿ ಸಿಗ್ಲಿಕ್ಕಿಲ್ಲ."

ಪ್ರದರ್ಶನ ಮುಗಿಯಿತು. ಉಳಿದವರು ತಮ್ಮ ತಮ್ಮ ಚಿತ್ರ ಒಯ್ದರು. ಇದು ಅಲ್ಲೇ ಉಳಿಯಿತು. ಮದುವೆಯ ದಿನ ಅದರ ಮುಂದೆ ದೂರದಿಂದಲೇ ಪರದೆ ಕಟ್ಟುತ್ತಾರೆ. ಫ್ಯಾನಿನ ಗಾಳಿಗೆ ಪರದೆ ಹಾರಿದಾಗ ಊಟಕ್ಕೆ ಕೂತ ಮಕ್ಕಳು "ಬಸ್ಸು, ಬಸ್ಸು" ಎಂದು ಕೈ ತೋರಿಸುತ್ತವೆ. ವರ್ಷಗಳು ಕಳೆದಿವೆ. ಮೊನ್ನೆ ಸುಣ್ಣ ಬಳಿಯಲು ಬಂದವರೂ ಮುಟ್ಟದೆ, ಸುತ್ತ ಮಾತ್ರ ಬಳಿದು ಹೋಗಿದ್ದಾರೆ.

ಇಂಥವರ ಗೋಡೆಯಲ್ಲಿ ಯಾಕೆ ಬಿಟ್ಟಿದ್ದೀರಿ, ವಾಪಸ್ ತನ್ನಿ ಎಂದು ನಾನು ಐರಿನ್ ಬಾಯಿಗೆ ಹೇಳಿದೆ.

"ತಂದು ಎಲ್ಲಿಡ್ಲಿ? ಅಂಗಡಿಯಲ್ಲಿಟ್ಟರೆ, ಚಂದ ಉಂಟು, ನಮ್ಮ ಅಜ್ಜಿಯ ಪೆಟ್ಟಿಗೆ ಹಾಕಿ ಕೊಡಿ ಅಂತಾರೆ. ನನಗೂ ಇಲ್ಲ ಅನ್ಲಿಕ್ಕೆ ಆಗುವುದಿಲ್ಲ. ಅಲ್ಲಿ ಯಾರೂ ಮುಟ್ಟುವುದಿಲ್ಲ, ಇರಲಿ." ಐರಿನ್ ಬಾಯಿ ಕತ್ತರಿ ಕೆಳಗಿಡಲಿಲ್ಲ. "ನಿಮಗೆ ಅಷ್ಟು ಕೋಪ ಉಂಟಾದರೆ ಹೋಗಿ ಗಾಜು ಒರೆಸಿ ಬನ್ನಿ ಮಾರಾಯ್ರೆ. ಸುಣ್ಣ ಸಿಡಿದಿದೆಯಂತೆ."