ನಾನು ಅಲುಗಾಡಿಸಿದ ಕೊಳವೆ

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನಾನು ಬಾಗಲಕೋಟೆಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಆ ವರ್ಷ ಎಂ.ಎಸ್ಸಿ. ಪ್ರಾಜೆಕ್ಟಿಗೆ ನನ್ನ ಬಳಿ ಬಂದವಳು ಇಳಕಲ್ಲಿನ ನೇಕಾರರ ಮನೆಯ ಸುಮಂಗಲಾ. ಅವಳ ವಿಷಯ ಲಿಕ್ವಿಡ್ ಕ್ರಿಸ್ಟಲ್. ನೀರಿನಂತೆ ಹರಿದರೂ ಒಳಗಿನ ಕಣಗಳು ಒಂದೇ ದಿಕ್ಕಿಗೆ ಸಾಲುಗಟ್ಟಿ ನಿಲ್ಲುವ ದ್ರವ ಅದು. ಕಬ್ಬಿಣದ ತುಕ್ಕಿನ ಜಾತಿಯ ಗೋಥೈಟ್ ಎಂಬ ವಸ್ತುವಿನ ಸೂಕ್ಷ್ಮ ಕಡ್ಡಿಗಳನ್ನು ನೀರಿನಲ್ಲಿ ಬಿಟ್ಟು, ಅವು ಸಾಲುಗಟ್ಟುತ್ತವೆಯೇ ಎಂದು ಅವಳು ನೋಡಬೇಕಿತ್ತು. ಸಾಲುಗಟ್ಟಿದರೆ, ಬೆಳಕನ್ನು ಸೋಸುವ ಎರಡು ಪೋಲರಾಯ್ಡ್ ಹಾಳೆಗಳನ್ನು ಒಂದಕ್ಕೊಂದು ಅಡ್ಡವಾಗಿ ಹಿಡಿದಾಗ, ಅವುಗಳ ನಡುವೆ ಆ ನೀರು ತುಂಬಿದ ಗಾಜಿನ ಕೊಳವೆ ಹೊಳೆಯುತ್ತದೆ. ಇಲ್ಲವಾದರೆ ಬರೀ ಕಪ್ಪು.

ವರದಿ ಒಪ್ಪಿಸಲು ವಾರವಷ್ಟೇ ಇದ್ದಾಗ ಅವಳು ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದಳು. ಎರಡು ತಿಂಗಳ ಹಿಂದೆ, ರಜೆಗೂ ಮೊದಲೇ ತುಂಬಿಟ್ಟಿದ್ದ ಕೊಳವೆಯ ತಳದಲ್ಲಿ ಹೊಳೆಯುವ ಪಟ್ಟಿ! ಅದೇ ದ್ರಾವಣ ತುಂಬಿದ ಹೊಸ ಕೊಳವೆಗಳಲ್ಲಿ ಏನೂ ಇರಲಿಲ್ಲ. ನಮ್ಮ ಕಡ್ಡಿಗಳಲ್ಲಿ ಉದ್ದವೂ ಗಿಡ್ಡವೂ ಬೆರೆತಿದ್ದವು. ಅಂಥ ಮಿಶ್ರಣದಲ್ಲಿ ಸಾಲು ನಿಲ್ಲುವುದಿಲ್ಲವೆಂದು ನನಗೆ ಖಾತ್ರಿಯಿತ್ತು.

“ಹೊಲಸು ಕೂತಿರಬೇಕವ್ವಾ” ಎಂದವನೇ ಆ ಕೊಳವೆಯನ್ನು ಎತ್ತಿ ಚೆನ್ನಾಗಿ ಅಲುಗಾಡಿಸಿದೆ. ಪಟ್ಟಿ ಮಾಯವಾಯಿತು.

“ಸರ್, ಯಾಕ ಅಲುಗಾಡಿಸಿದ್ರಿ? ಇಷ್ಟು ದಿನ ಯಾರೂ ಮುಟ್ಟಿದ್ದಿಲ್ರಿ ಅದನ್ನ!”

ವರದಿಯಿಂದ ಆ ಫೋಟೋ ಕೈಬಿಡು ಎಂದೆ.

“ಬಿಡಂಗಿಲ್ರಿ. ನಾ ಕಂಡಿದ್ದು ಖರೆ ಐತಿ.”

‘ಒಮ್ಮೆ ಕಂಡಿದೆ, ಮತ್ತೆ ತೋರಿಸಲಾಗಿಲ್ಲ’ ಎಂದು ಬರೆದೇ ವರದಿ ಕೊಟ್ಟಳು. ಹೊರಗಿನಿಂದ ಬಂದ ಪರೀಕ್ಷಕರು ಕೊಳವೆ ಕೇಳಿದರು. ತೋರಿಸಲು ಏನೂ ಇರಲಿಲ್ಲ. ಅಂಕ ಕಡಿಮೆಯಾಯಿತು. ಕೊಳವೆ ಅಲುಗಾಡಿಸಿದವನು ನಾನೇ ಎಂದು ಪಕ್ಕದಲ್ಲೇ ಕುಳಿತಿದ್ದ ನಾನು ಹೇಳಲಿಲ್ಲ.

ಆದರೆ ‘ಯಾರೂ ಮುಟ್ಟಿದ್ದಿಲ್ಲ’ ಎಂಬ ಅವಳ ಮಾತು ನನ್ನನ್ನು ಬಿಡಲಿಲ್ಲ. ಉಳಿದ ದ್ರಾವಣವನ್ನು ಎರಡು ಭಾಗ ಮಾಡಿದೆ. ಒಂದನ್ನು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ವೇಗವಾಗಿ ತಿರುಗಿಸಿ, ಹೆಚ್ಚುಕಡಿಮೆ ಒಂದೇ ಅಳತೆಯ ಕಡ್ಡಿಗಳನ್ನಷ್ಟೇ ಆರಿಸಿಕೊಂಡೆ. ಅದು ಕೆಲವೇ ದಿನಗಳಲ್ಲಿ ಹೊಳೆಯಿತು. ಆರಿಸದ ಮಿಶ್ರಣ ವಾರಗಟ್ಟಲೆ ಕಪ್ಪಾಗಿಯೇ ಇತ್ತು. ಆರನೆಯ ವಾರ ಅದರ ತಳದಲ್ಲೂ ಬೆಳಕಿನ ಎಳೆಯೊಂದು ಮೂಡಿತು! ದೊಡ್ಡ ಕಡ್ಡಿಗಳು ಮೊದಲು ಇಳಿದು, ಚಿಕ್ಕವು ಮೇಲುಳಿದು, ಸರಿಸಮನಾದವು ಒಂದೆಡೆ ಸೇರಿ ಸಾಲುಗಟ್ಟಿದ್ದವು. ಕಲಕದೆ ಬಿಟ್ಟರೆ ಅವು ತಮ್ಮನ್ನು ತಾವೇ ವಿಂಗಡಿಸಿಕೊಳ್ಳುತ್ತಿದ್ದವು.

ಅಷ್ಟರಲ್ಲಿ ಸುಮಂಗಲಾ ಹುನಗುಂದದಲ್ಲಿ ಶಿಕ್ಷಕಿಯಾಗಿದ್ದಳು. ಫೋನ್ ಮಾಡಿದೆ. ಶನಿವಾರ ಶಾಲೆ ಮುಗಿಸಿ ಬಸ್ಸಿನಲ್ಲಿ ಬಂದಳು. ಕೊಳವೆಯನ್ನು ಮುಟ್ಟದೆ, ಬಗ್ಗಿ ಬಹಳ ಹೊತ್ತು ನೋಡಿದಳು.

“ತಪ್ಪು ನಂದವ್ವಾ” ಎಂದೆ.

“ಅನುಮಾನ ಪಟ್ಟಿದ್ದು ತಪ್ಪಲ್ರಿ ಸರ್. ಒಂದೆರಡು ದಿನ ನೋಡಿ ಆಮ್ಯಾಲ ಅಲುಗಾಡಿಸಬೇಕಿತ್ರಿ.”

ನಡೆದದ್ದನ್ನೆಲ್ಲ ತಿಳಿಸಿ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದೆ. ಅಂಕಗಳು ಬದಲಾಗಲಿಲ್ಲ. ಪ್ರಶ್ನಿಸುವುದನ್ನು ಮೂವತ್ತು ವರ್ಷ ಕಲಿಸಿದವನು ನಾನು. ಪ್ರಶ್ನೆ ಕೇಳಿದ ಮೇಲೆ ಉತ್ತರ ಬರುವವರೆಗೆ ಕೈ ಕಟ್ಟಿ ನಿಲ್ಲಬೇಕೆಂಬುದನ್ನು ಆ ಹುಡುಗಿಯಿಂದ ಕಲಿತೆ.