ಡ್ರ್ಯಾಗನ್‌ಗೆ ಬಂದ ಸುಣ್ಣಕಟ್ಟು ರೋಗ

ಗೆಳೆಯರೇ, ಇವತ್ತು ನಮ್ಮತ್ತೆ ನನ್ನ ಡ್ರ್ಯಾಗನ್ ಸುಡೋಕೆ ಬೆಂಕಿಪೊಟ್ಟಣ ಹಿಡ್ಕೊಂಡು ನಿಂತಿದ್ರು.

ಬೆರಳುದ್ದದ ಬೊಂಬೆ ಅದು. ಬೊಂಬೆಗೆ ಬಣ್ಣ ಹಚ್ಚೋದು ಈಗಷ್ಟೇ ಕಲೀತಿದೀನಿ, ಇದೇ ಮೊದಲನೇದು. ಮೂರು ಭಾನುವಾರ ಕೂತು ಮೈತುಂಬ ಕಪ್ಪು ಬಳಿದಿದ್ದೆ. ಬೆಳಿಗ್ಗೆ ವಾರ್ನಿಷ್ ಹೊಡೆದು, ನಾವು ಮನೇಲಿ ಸಾಕೋ ರೇಷ್ಮೆಹುಳದ ಖಾಲಿ ತಟ್ಟೆಯೊಂದರಲ್ಲಿ ಒಣಗಲಿಕ್ಕಿಟ್ಟೆ. ತೇವದ ಗಾಳಿಗೆ ವಾರ್ನಿಷ್ ಬೆಳ್ಳಗೆ ಪುಡಿಗಟ್ಟಿತು.

"ಅಯ್ಯಯ್ಯೋ, ಸುಣ್ಣಕಟ್ಟು ಬಂದೈತಲ್ಲಮ್ಮ!" ಅತ್ತೆ ಕೂಗಿದ್ರು. ಹುಳ ಸತ್ತು, ಸೀಮೆಸುಣ್ಣದ ಹಾಗೆ ಬಿಳುಚಿ ಸೆಟೆದುಕೊಳ್ಳೋ ಅಂಟುರೋಗ ಅದು. ಕಂಡ ತಕ್ಷಣ ಆರಿಸಿ ಸುಡಬೇಕು.

"ಅತ್ತೆ, ಅದು ಹುಳ ಅಲ್ಲ, ನನ್ನ ಬೊಂಬೆ. ರೆಕ್ಕೆ ನೋಡಿ."

ಕನ್ನಡಕ ಹಾಕ್ಕೊಂಡು ತಿರುಗಿಸಿ ತಿರುಗಿಸಿ ನೋಡಿದ್ರು. "ಬೊಂಬೇನೇ ಕಣಮ್ಮ. ಆದ್ರೂ ಒಳಗಿರೋ ಹುಳ ಇನ್ನು ನಾಕು ದಿನಕ್ಕೆ ಗೂಡು ಕಟ್ತವೆ. ನಮಗ್ಯಾಕೆ ಅನುಮಾನ? ಸುಟ್ಬಿಡಾನ."

ಕಡ್ಡಿ ಗೀರಿಯೇಬಿಟ್ರು! ಕಿತ್ಕೊಂಡು ಓಡಿದೆ.

ಬೆಂಕಿ ಉಗುಳಿ ಊರೂರೇ ಸುಡೋ ಪ್ರಾಣಿ ಅಂತೆ. ನಮ್ಮೂರು ಮಡಕಶಿರದ ಒಂದೇ ಒಂದು ಬೆಂಕಿಕಡ್ಡಿಗೆ ಹೆದರಿ, ಈಗ ನನ್ನ ಟಿಫನ್ ಡಬ್ಬಿಯೊಳಗೆ ಅಡಗಿ ಕೂತಿದೆ.