ಆಕಿನ್ನ ಕೇಳ್ರಿ

ಬೆಟಗೇರಿಯ ನಮ್ಮ ಓಣಿಯಲ್ಲಿ ಕೈಮಗ್ಗದ ಮೇಲೆ ಸೀರೆ ನೇಯುವ ಹೆಂಗಸೊಬ್ಬರಿದ್ದರು. ಬುದ್ಧಿಮಾಂದ್ಯೆ ಎಂದು ಓಣಿಯೆಲ್ಲ ಕರೆಯುತ್ತಿದ್ದ ಮಗಳು ಪಕ್ಕದಲ್ಲೇ ಕುಳಿತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಬಂದವರು ಅವಳನ್ನು ಬಿಟ್ಟು ತಾಯಿಯನ್ನೇ ಕೇಳುತ್ತಿದ್ದರು: "ಈಕಿ ಚಾ ಕುಡೀತಾಳೇನ್ರಿ?" ತಾಯಿ ಲಾಳಿ ನಿಲ್ಲಿಸದೆ ಅನ್ನುತ್ತಿದ್ದರು: "ಆಕಿನ್ನ ಕೇಳ್ರಿ."

ಶಾಲೆಯಲ್ಲೂ ಆಸ್ಪತ್ರೆಯಲ್ಲೂ ಅದೇ ಮಾತು. ಒಮ್ಮೆ ಶಿರಹಟ್ಟಿ, ಮುಂಡರಗಿ ಕಡೆಯ ಇಂಥ ಮಕ್ಕಳ ತಾಯಂದಿರನ್ನು ಕೂಡಿಸಿಕೊಂಡು ಗದಗಿನ ದೊಡ್ಡ ಕಚೇರಿಯ ಮುಂದೆ ಕುಳಿತರು. ಮಕ್ಕಳಿಗೆ ಕಲಿಯಲು, ದುಡಿಯಲು ಒಂದು ಜಾಗ ಬೇಕಿತ್ತು. ಸಾಹೇಬರು ಹೊರಗೆ ಬಂದರು. "ನಿಮ್ಮ ಮಗಳಿಗೆ ಏನ್ ಬೇಕವ್ವಾ?"

"ಆಕಿನ್ನ ಕೇಳ್ರಿ."

ಸಾಹೇಬರು ನಕ್ಕು, ಮಗಳ ತಲೆ ಸವರಿ, ಕೈಗೊಂದು ಚಾಕಲೇಟು ಕೊಟ್ಟರು.

"ನೀವು ಸವರಿದ ತಲಿ ಕೂದಲಾ ನೆರತಾವ್ರಿ, ಸಾಹೇಬ್ರ" ಎಂದರು ತಾಯಿ. ಮರುದಿನ ಪತ್ರಿಕೆಯಲ್ಲಿ ಚಾಕಲೇಟಿನ ಫೋಟೊ ಚೆನ್ನಾಗಿ ಬಂದಿತ್ತು. ಬೇಡಿಕೆ ಬಂದಿರಲಿಲ್ಲ.

ಹೋದ ವರ್ಷ ಆ ತಾಯಿ ತೀರಿಕೊಂಡರು. ಸಾವಾದ ಮನೆಯಲ್ಲಿ ಒಲೆ ಹಚ್ಚಬಾರದೆಂದು ಬೀಗರು ರೊಟ್ಟಿಯ ಬುತ್ತಿ ತಂದಿದ್ದರು. ಬುತ್ತಿ ಬಿಚ್ಚುತ್ತಲೇ, ಮಗಳ ಎದುರಿಗೇ ಮಾತು ಶುರುವಾಯಿತು. ಇವಳನ್ನು ಲಕ್ಷ್ಮೇಶ್ವರಕ್ಕೆ, ಸೋದರಮಾವನ ಮನೆಗೆ ಒಯ್ಯುವುದೋ, ಯಾವುದಾದರೂ ಆಶ್ರಮಕ್ಕೆ ಬಿಡುವುದೋ? ನಿಂತ ಮಗ್ಗದ ಪಕ್ಕ ಕುಳಿತಿದ್ದ ಮಗಳು ತಲೆ ಎತ್ತಿದಳು. ತಾಯಿಯದೇ ಧಾಟಿಯಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದಳು:

"ನನ್ನ ಕೇಳ್ರಿ."

ಕೈಯಲ್ಲಿನ ರೊಟ್ಟಿ ಕೈಯಲ್ಲೇ ನಿಂತವು. ಆಮೇಲೆ ಸೋದರಮಾವ, ಓಣಿಯವರ ನಡುವೆ ಕುಳಿತಿದ್ದ ನನ್ನ ಕಡೆ ತಿರುಗಿದ.

"ಏನಂತಾಳ್ರಿ ಈಕಿ?"